ಐದರೊಳಗೆ ಒಂದು ನಂಬಿಕಸ್ಥ ಅಂಬ್ರೆಲಾ

ಬಾಗಿಲಿಗೆ ಅಡ್ಡ ನಿಂತವನ ಹೆಸರು ಡೆಂಜಿಲ್. ಆರಡಿ ಎರಡಂಗುಲ. ಕೈಯಲ್ಲಿ ಒಂದು ತಟ್ಟೆ ಬಿಸ್ಕತ್ತು.

"ಸಹಿ ಹಾಕಿ ಹೋಗಿ ಮೇಡಂ. ಎರಡೇ ನಿಮಿಷ."

ಅವನು ಬಾಗಿಲು ಬಿಡುವವನಲ್ಲ ಅಂತ ನನಗೆ ಗೊತ್ತಿತ್ತು. ತಿಂಗಳ ಕೊನೆಯ ಶುಕ್ರವಾರ. ಅವನ ಟಾರ್ಗೆಟ್ಟಿಗೆ ಒಂದೇ ಒಂದು ಸಹಿ ಬಾಕಿ.

ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ ಐದು ನಿಮಿಷ. ನನ್ನ ಪಕ್ಕದಲ್ಲಿ ಹೆಸ್ಟರ್ ಪಾಸ್ಕೋ ಕೂತಿದ್ದಳು. ಕೈಯಲ್ಲಿ ಪೆನ್ನಿತ್ತು, ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅವಳ ಪಾಸ್‌ಪೋರ್ಟನ್ನು 'ಜೆರಾಕ್ಸ್ ಮಾಡಿ ಕೊಡ್ತೀವಿ' ಅಂತ ಒಳಗೆ ತೆಗೆದುಕೊಂಡು ಹೋಗಿ ನಲವತ್ತು ನಿಮಿಷ ಆಗಿತ್ತು.

ಒಂದು ಜೆರಾಕ್ಸಿಗೆ ನಲವತ್ತು ನಿಮಿಷ... ಕೈಯಲ್ಲಿ ಬರೆದರೂ ಇಷ್ಟು ಹೊತ್ತು ಹಿಡಿಯಲ್ಲ!

ನಾನು ಯಾರು ಅಂತೀರಾ? ಗ್ವೆಂಡಾ ಲಮ್ಲಿ. ಐವತ್ತೆಂಟು ವರ್ಷ. ಹದಿನೇಳು ವರ್ಷ ಕೋರ್ಟಿನ ಅಮೀನ್ ಆಗಿ ಸಾಲ ತೀರಿಸದ ಜನರ ಮನೆಯಿಂದ ಟಿವಿ, ಸೋಫಾ ಹೊರಗೆ ಸಾಗಿಸಿದವಳು. ಆಮೇಲೆ ಮಂಡಿ ಕೈಕೊಟ್ಟಿತು. ಈಗ ಕಾಂಟ್ರಾಕ್ಟ್ ಮೇಲೆ ದುಡಿಯುವವರಿಗೆ ನಂಬಿಕಸ್ಥ ಅಂಬ್ರೆಲಾ ಕಂಪನಿ ಆರಿಸಿಕೊಡುತ್ತೇನೆ. ಮೊದಲಿನ ಕೆಲಸದಲ್ಲಿ ಜನ ಬಾಗಿಲು ತೆಗೆಯುತ್ತಿರಲಿಲ್ಲ. ಈ ಕೆಲಸದಲ್ಲಿ ಹೊರಗೆ ಹೋಗಲು ಬಿಡುವುದಿಲ್ಲ.

ಮಳೆಗೂ ಈ ಅಂಬ್ರೆಲಾಗೂ ಸಂಬಂಧವಿಲ್ಲ. ನಿಮಗೆ ಕೆಲಸ ಹುಡುಕಿಕೊಡುವುದು ಏಜೆನ್ಸಿ. ಆದರೆ ಅದು ನಿಮ್ಮನ್ನು ತನ್ನ ನೌಕರ ಅಂತ ಒಪ್ಪುವುದಿಲ್ಲ, ಮಡಿ. ನಡುವೆ ಒಂದು ಅಂಬ್ರೆಲಾ ಕಂಪನಿ ಬೇಕು. ಕಾಗದದಲ್ಲಿ ಅದೇ ನಿಮ್ಮ ಯಜಮಾನ. ಅದು ತೆರಿಗೆ ಮುರಿದುಕೊಂಡು ಮಿಕ್ಕಿದ್ದನ್ನು ಸಂಬಳ ಅಂತ ಕೊಡಬೇಕು. ಒಳ್ಳೆಯದು ಹಾಗೇ ಮಾಡುತ್ತೆ. ಕೆಟ್ಟದ್ದು ಅರ್ಧ ಸಂಬಳ ಕೊಟ್ಟು, ಇನ್ನರ್ಧಕ್ಕೆ 'ಸಾಲ' ಅಂತ ಹೆಸರಿಡುತ್ತೆ. ಸಾಲಕ್ಕೆ ತೆರಿಗೆ ಇಲ್ಲವಲ್ಲ! ನಿಮಗೂ ಖುಷಿ. ನಾಲ್ಕು ವರ್ಷ ಕಳೆದ ಮೇಲೆ ತೆರಿಗೆ ಇಲಾಖೆಯ ಕಾಗದ ಬರುತ್ತೆ. ಕಂಪನಿಗಲ್ಲ, ನಿಮಗೆ. ಅಷ್ಟರಲ್ಲಿ ಕಂಪನಿ ಮಂಗಮಾಯ.

ಹೆಸ್ಟರ್‌ಗೆ ಆ ಕಾಗದ ಒಮ್ಮೆ ಬಂದಿತ್ತು. ರೈಲ್ವೆ ಸಿಗ್ನಲ್ ಪರೀಕ್ಷೆ ಮಾಡುವ ಹೆಂಗಸು. ಒಂದು ತಂತಿ ತಪ್ಪಿದರೂ ಕಂಡುಹಿಡಿಯುತ್ತಾಳೆ. ಆದರೆ 'ನೂರಕ್ಕೆ ಎಂಬತ್ತೈದು ಕೈಗೆ' ಅಂದವರನ್ನು ನಂಬಿ ಸಹಿ ಹಾಕಿದ್ದಳು. ಕೊನೆಗೆ ಮನೆ ಮಾರಿದಳು. ಈಗ ಲಾಂಡ್ರಿ ಅಂಗಡಿಯ ಮೇಲೊಂದು ಕೋಣೆ. ನೆಲ ಯಾವಾಗಲೂ ಬೆಚ್ಚಗಿರುತ್ತೆ, ಅದೊಂದು ಅನುಕೂಲ ಅನ್ನುತ್ತಾಳೆ.

ಸೋಮವಾರದಿಂದ ಅವಳಿಗೆ ಹತ್ತು ತಿಂಗಳ ಕೆಲಸ ಸಿಕ್ಕಿತ್ತು. ಇವತ್ತು ಐದು ಗಂಟೆಯೊಳಗೆ ಅಂಬ್ರೆಲಾ ಹೆಸರು ಹೇಳಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಏಜೆನ್ಸಿಯ ಪಟ್ಟಿಯಲ್ಲಿ ಮೂರು ಹೆಸರು. ಮೊದಲನೆಯದರ ಫೋನ್ ಯಾರೂ ಎತ್ತಲಿಲ್ಲ. ಎರಡನೆಯದಕ್ಕೆ ಒಂದೇ ವರ್ಷದಲ್ಲಿ ನಾಲ್ಕು ಡೈರೆಕ್ಟರುಗಳು ಬಂದು ಹೋಗಿದ್ದರು. ಉಳಿದದ್ದು ಇದು, ಸ್ಟರ್ಡಿಬ್ರುಕ್. ಇಂಗ್ಲೆಂಡಿನ ಸ್ವಿಂಡನ್ ಪೇಟೆಯ ಗಾಜಿನ ಕಟ್ಟಡ. ಗೋಡೆ ತುಂಬ ಸರ್ಟಿಫಿಕೇಟು.

ಮ್ಯಾನೇಜರ್ ಪಿಯರ್ಸ್ ಹ್ಯಾಲೊವೆಲ್ ನಗುತ್ತಾ ಒಳಗೆ ಬಂದ. ಮಾದರಿ ಪೇಸ್ಲಿಪ್ ಕೊಟ್ಟ. ನಾನು ಬೆರಳಿಟ್ಟು ಕೇಳಿದೆ, ಈ ಕೆಳಗಿನ ಸಾಲು ಏನು?

"ಅದಾ... ಮೆಚ್ಚುಗೆಯ ಮುಂಗಡ."

"ವಾಪಸ್ ಕೊಡಬೇಕಾ?"

"ತಾಂತ್ರಿಕವಾಗಿ ಹೌದು. ಆದರೆ ನಾವು ಯಾರನ್ನೂ ಕೇಳಿಲ್ಲ."

"ಅಂದ್ರೆ ಸಾಲ."

"ಮೇಡಂ, ಆ ಪದ ನಮ್ಮ ಆಫೀಸಲ್ಲಿ ಬಳಸಲ್ಲ."

ಹೆಸ್ಟರ್ ನನ್ನ ಕಿವಿಯ ಹತ್ತಿರ ಬಾಗಿದಳು. ಕಣ್ಣಲ್ಲಿ ನೀರು.

"ಗ್ವೆಂಡಾ, ಇದೂ ಅದೇ. ಗೊತ್ತು ನನಗೆ. ಆದ್ರೆ ಸಹಿ ಹಾಕದಿದ್ರೆ ಕೆಲಸ ಹೋಗುತ್ತೆ. ಹಾಕಿದ್ರೆ ಇನ್ನೊಂದು ಸಲ ಆ ಕಾಗದ ಬರುತ್ತೆ. ಈ ಸಲ ಮಾರೋಕೆ ಏನೂ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಕೂಗಾಡಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಎದ್ದು ನಿಂತೆ.

"ಡೆಂಜಿಲ್, ನಾವಿಬ್ಬರೂ ಟಾಯ್ಲೆಟ್ಟಿಗೆ ಹೋಗಬೇಕು."

ಬಂದೂಕು ತೋರಿಸಿದರೂ ಅಷ್ಟು ಬೇಗ ದಾರಿ ಬಿಡುತ್ತಿರಲಿಲ್ಲ. ಹೆಂಗಸು ಟಾಯ್ಲೆಟ್ ಅಂದರೆ ಇಂಗ್ಲಿಷ್ ಗಂಡಸು ಕೆಂಪಾಗಿ ಗೋಡೆಗೆ ಅಂಟಿಕೊಳ್ಳುತ್ತಾನೆ. ಬಿಸ್ಕತ್ತಿನ ತಟ್ಟೆ ಸಮೇತ ಪಕ್ಕಕ್ಕೆ ಸರಿದ.

ಒಳಗೆ ರಿಸೆಪ್ಶನಿಸ್ಟ್ ಟ್ಯಾಮ್ಸಿನ್ ಕೈ ತೊಳೆಯುತ್ತಿದ್ದಳು. ಬಂದಾಗ ನಮ್ಮನ್ನು ಒಳಗೆ ಬಿಟ್ಟವಳು. ನಾನು ನಲ್ಲಿ ಜೋರಾಗಿ ತಿರುಗಿಸಿ ಒಂದೇ ಪ್ರಶ್ನೆ ಕೇಳಿದೆ. ಯಾವ ಅಂಬ್ರೆಲಾಗೆ ಹೋದರೂ ಕೊನೆಗೆ ನಾನು ಕೇಳುವ ಪ್ರಶ್ನೆ ಅದು.

"ನಿಂಗೆ ಸಂಬಳ ಯಾರು ಕೊಡೋದು ಕಣಮ್ಮ?"

ಅವಳು ಬಾಗಿಲ ಕಡೆ ನೋಡಿದಳು.

"ನಾವೆಲ್ಲ ಇಲ್ಲಿ ಕಾಂಟ್ರಾಕ್ಟ್ ಮೇಲೇ ಇರೋದು ಮೇಡಂ. ನಮ್ಮ ಸಂಬಳ ಕಿಡರ್‌ಮಿನ್‌ಸ್ಟರ್‌ನ ಆಟರ್‌ವೇ ಅನ್ನೋ ಅಂಬ್ರೆಲಾಯಿಂದ ಬರುತ್ತೆ. ಡೆಂಜಿಲ್‌ದೂ ಅಷ್ಟೇ. ಪಿಯರ್ಸ್‌ದೂ ಅಷ್ಟೇ."

"ಸ್ಟರ್ಡಿಬ್ರುಕ್ ಮೂಲಕ ಯಾಕಿಲ್ಲ?"

"ಪಿಯರ್ಸ್‌ಗೇನು ಹುಚ್ಚಾ ಮೇಡಂ?"

ಆಮೇಲೆ ಅವಳು ಕಾರ್ಡಿಗನ್ನಿನೊಳಗಿಂದ ಪಾಸ್‌ಪೋರ್ಟ್ ತೆಗೆದು ಹೆಸ್ಟರ್ ಕೈಗಿಟ್ಟಳು. ಅದು ಅವಳ ಡ್ರಾಯರಿನಲ್ಲೇ ಇತ್ತಂತೆ. ಈ ವಾರ ಅಳುತ್ತಾ ಸಹಿ ಹಾಕಿದವರು ಆಗಲೇ ಐದು ಮಂದಿ, ಆರನೆಯವರನ್ನು ನೋಡುವ ಶಕ್ತಿ ತನಗಿಲ್ಲ ಅಂದಳು. ಹಿಂದಿನ ಮೆಟ್ಟಿಲು ತೋರಿಸಿದಳು.

ಮೂರು ಮಹಡಿ ಇಳಿದೆವು. ನನ್ನ ಮಂಡಿ ಒಂದೊಂದು ಮೆಟ್ಟಿಲಿಗೂ ಶಾಪ ಹಾಕಿತು. ನನ್ನ ಹಳೇ ವ್ಯಾನು ಸ್ಟಾರ್ಟ್ ಆಗುವಷ್ಟರಲ್ಲಿ ಹಿಂದೆ ಒಂದು ಬಿಳಿ ಕಾರು... ಡೆಂಜಿಲ್ ಡ್ರೈವ್ ಮಾಡುತ್ತಿದ್ದ. ಪಕ್ಕದಲ್ಲಿ ಪಿಯರ್ಸ್. ತೊಡೆಯ ಮೇಲೆ ಜ್ಯಾಮು, ಚೀಸು, ವೈನು ತುಂಬಿದ ಉಡುಗೊರೆ ಬುಟ್ಟಿ.

ನಾಲ್ಕು ಮೂವತ್ತೊಂದು.

ನಾನು ನೇರ ಮ್ಯಾಜಿಕ್ ರೌಂಡ್ಅಬೌಟಿಗೆ ನುಗ್ಗಿದೆ. ಒಂದು ದೊಡ್ಡ ವೃತ್ತ, ಸುತ್ತ ಐದು ಚಿಕ್ಕ ವೃತ್ತ. ಊರಿನವರೂ ಅಲ್ಲಿ ಉಸಿರು ಬಿಗಿಹಿಡಿಯುತ್ತಾರೆ. ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಕೊಡಬೇಕು, ಅದು ನಿಯಮ. ನಾನು ನಿಂತೆ. ಡೆಂಜಿಲ್ ನನ್ನ ಹಿಂದೆ ನಿಂತ. ನಾನು ಹೊರಟೆ. ಅವನ ಬಲಕ್ಕೆ ಡ್ರೈವಿಂಗ್ ಸ್ಕೂಲಿನ ಒಂದು ಕಾರು ಬಂತು. ಕಲಿಯುವವಳು ಯಾರೋ ಅಜ್ಜಿ. ಮುಂದೆ ಬಂದಳು, ನಿಂತಳು, ಮತ್ತೆ ಬಂದಳು, ಎಂಜಿನ್ ಆಫ್ ಆಯಿತು.

ಡೆಂಜಿಲ್ ಹಾರ್ನ್ ಕೂಡ ಒತ್ತಲಿಲ್ಲ. ಕೈ ಬೀಸಿ 'ನಿಧಾನವಾಗಿ ಬನ್ನಿ' ಅಂತ ಸನ್ನೆ ಮಾಡಿದ್ದನ್ನು ನಾನು ಕನ್ನಡಿಯಲ್ಲಿ ಕಣ್ಣಾರೆ ಕಂಡೆ. ಜನರ ಮನೆ ಮುಳುಗಿಸಲು ಅವನಿಗೆ ಅಳುಕಿಲ್ಲ. ಸರದಿ ಮುರಿಯಲು ಮಾತ್ರ ಮನಸ್ಸು ಒಪ್ಪಲಿಲ್ಲ.

ನಾವು ತಪ್ಪಿಸಿಕೊಂಡೆವು.

ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಆಟರ್‌ವೇಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದ ಹೆಂಗಸು ಬೆರಿಲ್ ಕ್ಲಟರ್‌ಬಕ್. ದನಿಯಲ್ಲಿ ಒಂದು ಚೂರು ಸಕ್ಕರೆ ಇಲ್ಲ. ಹೆಸ್ಟರ್ ಎಷ್ಟು ಕೈಗೆ ಬರುತ್ತೆ ಅಂತ ಕೇಳಿದಳು.

"ನೋಡಮ್ಮ, ಎಲ್ಲ ತೆರಿಗೆ ಹೋಗಿ ನೂರಕ್ಕೆ ಅರವತ್ತರ ಆಸುಪಾಸು. ವಾರಕ್ಕೆ ಇಪ್ಪತ್ತೆರಡು ಪೌಂಡ್ ನಮ್ಮ ಫೀಸು. ಜಾಸ್ತಿ ಬೇಕಾದ್ರೆ ಬೇರೆ ಕಡೆ ಹೋಗು. ಆಮೇಲೆ ನನ್ನ ಹತ್ರ ಅಳಬೇಡ."

"ಉಡುಗೊರೆ ಗಿಡುಗೊರೆ ಏನಾದ್ರೂ?" ನಾನು ನಡುವೆ ಬಾಯಿ ಹಾಕಿದೆ.

"ಸರಿಯಾದ ಪೇಸ್ಲಿಪ್ ಸಾಲ್ದಾ?"

ಅಲ್ಲೇ ಅವಳ ಮೇಲೆ ನನಗೆ ಪ್ರೀತಿ ಹುಟ್ಟಿತು. ಹೆಸ್ಟರ್ ಪೇಸ್ಲಿಪ್ಪಿನ ಒಂದೊಂದು ಸಾಲನ್ನೂ ಓದಿಸಿ ಕೇಳಿದಳು. ಎಲ್ಲೂ ಮೆಚ್ಚುಗೆ ಇರಲಿಲ್ಲ. ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲೇ ಕಳಿಸಿದಳು. ಕಾಗದಪತ್ರವೂ ಫೋನಿಗೇ ಬಂತು, ಸಹಿ ಆಯಿತು.

ನಾಲ್ಕು ಐವತ್ತಮೂರು. ಏಜೆನ್ಸಿಯ ರೂಪರ್ಟ್ ಬ್ಲೈಗೆ ಫೋನ್ ಮಾಡಿ ಹೆಸರು ಹೇಳಿದೆ.

"ಅದು ನಮ್ಮ ಪಟ್ಟಿಯಲ್ಲಿಲ್ಲ. ಆಗಲ್ಲ."

"ಪಟ್ಟಿಯಲ್ಲಿರೋದನ್ನೇ ಆರಿಸಬೇಕು ಅನ್ನೋದು ಕಡ್ಡಾಯವಾ?"

"ಕಡ್ಡಾಯ."

"ಸರಿ. 'ಸ್ಟರ್ಡಿಬ್ರುಕ್‌ಗೇ ಸೇರಬೇಕು, ಇಲ್ಲದಿದ್ರೆ ಕೆಲಸ ಇಲ್ಲ' ಅಂತ ಒಂದು ಈಮೇಲ್ ಹಾಕಿ. ಕೆಳಗೆ ನಿಮ್ಮ ಹೆಸರಿರಲಿ."

ಆ ಕಡೆ ಕುರ್ಚಿ ಕಿರ್ ಅಂತು.

ಹದಿನೇಳು ವರ್ಷದಲ್ಲಿ ನನ್ನ ಮೇಲೆ ನಾಯಿ ಬಿಟ್ಟವರಿದ್ದಾರೆ, ಬಿಸಿನೀರು ಎರಚಿದವರಿದ್ದಾರೆ. ಆದರೆ ಈ ದೇಶದ ಆಫೀಸುಗಳಲ್ಲಿ 'ಬರೆದು ಕೊಡಿ' ಅನ್ನುವುದಕ್ಕಿಂತ ದೊಡ್ಡ ಬೆದರಿಕೆ ನಾನು ಕಂಡಿಲ್ಲ.

"ನಾವು... ಹಾಗೇನೂ ಹಟ ಮಾಡೋರಲ್ಲ," ಅಂದ ರೂಪರ್ಟ್. "ಆಟರ್‌ವೇ ಆಗುತ್ತೆ. ಸೋಮವಾರ ಏಳಕ್ಕೆ ಬರಲಿ."

ನಾಲ್ಕು ಐವತ್ತೆಂಟು. ಹೆಸ್ಟರ್ ವ್ಯಾನಿನ ಬಾಗಿಲಿಗೆ ಒರಗಿ ಪಾಸ್‌ಪೋರ್ಟನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ನಾನು ಎರಡು ಟೀ ತಂದೆ.

ಎರಡು ವಾರ ಕಳೆದು ಮೊದಲ ಸಂಬಳದ ದಿನ ಹೆಸ್ಟರ್ ಫೋನ್ ಮಾಡಿದಳು. ಪೇಸ್ಲಿಪ್ ಹಿಡಿದು ಓದಿದಳು. ತೆರಿಗೆ ಇಷ್ಟು. ವಿಮೆ ಇಷ್ಟು. ಪಿಂಚಣಿ ಇಷ್ಟು. ರಜೆಯ ಸಂಬಳ ಬೇರೆ ಸಾಲಿನಲ್ಲಿ ಇಷ್ಟು. ಓದುತ್ತಾ ಓದುತ್ತಾ ಬಿಕ್ಕತೊಡಗಿದಳು. ನಾನು ಗಾಬರಿಯಾಗಿ ಕೇಳಿದೆ.

"ಏನಾಯ್ತು ಹೆಸ್ಟರ್? ಕಮ್ಮಿ ಬಂತಾ?"

"ತುಂಬಾ ಕಮ್ಮಿ," ಅಂದಳು, ಅಳುತ್ತಾ ನಗುತ್ತಾ. "ಇವತ್ತು ಚೆನ್ನಾಗಿ ನಿದ್ದೆ ಬರುತ್ತೆ ಗ್ವೆಂಡಾ."