ಓಟಿನ ದಿನ ಕೂಗಿದ ಹೆಸರು

ಪಕ್ಕದ ಸಾಲಿನಲ್ಲಿ ಅವನ ಬೆನ್ನು ಕಂಡದ್ದೇ ಅನುರಾಧಾ ಮುಂದೆ ಸರಿಯುವುದನ್ನೇ ಮರೆತಳು.

ದೇವಾನಂದ... ಮೂರು ವರ್ಷದ ಮೇಲೆ!

ಸರಸಂಬಾ ಊರಿನ ಶಾಲೆಯಲ್ಲಿ ಹೆಂಗಸರದೊಂದು, ಗಂಡಸರದೊಂದು ಸಾಲು; ಎರಡೂ ಮತಗಟ್ಟೆಯ ಒಂದೇ ಬಾಗಿಲಿಗೆ ಬಂದು ಕೂಡುತ್ತಿದ್ದವು. ಪುಣೆಗೆ ಟೈಲ್ಸ್ ಕೆಲಸಕ್ಕೆ ಹೋದವರೆಲ್ಲ ಓಟಿಗೆಂದೇ ಜೀಪು ಮಾಡಿಕೊಂಡು ಬಂದಿದ್ದರು. ಸಂಜೆಗೆ ಮತ್ತೆ ವಾಪಸ್ಸು.

“ಈ ಸಲ ನಳದಾಗ ನೀರು ಬಂದೇ ಬರ್ತದ,” ಎಂದಳು ಮುಂದಿದ್ದ ಖುರ್ಷಿದಬೇಗಂ ಅಜ್ಜಿ.

“ಹೋದ ಸಲಾನೂ ಹಿಂಗೇ ಅಂದಿದ್ರಿ,” ಯಾರೋ ಕೆಣಕಿದರು.

“ಹೋದ ಸಲ ಪೈಪು ಬಂತಲ್ಲಬೇ. ಈ ಸಲ ನೀರು.”

ಸಾಲೆಲ್ಲ ನಕ್ಕಿತು. ದೇವಾನಂದನೂ ನಗುತ್ತ ತಿರುಗಿದ. ಅವಳನ್ನು ಕಂಡು ನಗು ಅರ್ಧಕ್ಕೇ ನಿಂತಿತು.

“ಆರಾಮ ಇದ್ದೀರೇನ್ರಿ?”

‘ನನಗೂ ರಿ ಹಚ್ಚಾಕತ್ತಾನ...’ ಅವಳಿಗೆ ಉರಿದುಹೋಯಿತು. ಪುಣೆ ಮುಟ್ಟಿದ ಕೂಡಲೇ ಫೋನ್ ಮಾಡ್ತೇನಿ ಅಂದು ಹೋದವನು!

“ಆರಾಮ ಅದೀನ್ರಿ. ಫೋನ್ ಮಾಡೋದು ಮರೆತವರು ಹೆಂಗ ಅದೀರಿ?”

ಅವನ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಬಾಗಿಲ ಪೊಲೀಸ್, “ಇಬ್ಬರು ಹೆಂಗಸರು, ಒಬ್ಬ ಗಂಡಸು. ನಡೀರಿ,” ಎಂದ. ಅಜ್ಜಿ, ಅನುರಾಧಾ, ಅವಳ ಹಿಂದೆಯೇ ದೇವಾನಂದ.

ಒಳಗೆ ಏಜೆಂಟರ ಬೆಂಚಿನ ಮೇಲೆ ಅವಳ ಅಣ್ಣ ಜಗದೇವ ಪಟ್ಟಿ ಹಿಡಿದು ಕೂತಿದ್ದ. ದೇವಾನಂದನನ್ನು ಕಂಡು ಅವನ ಪೆನ್ನು ನಿಂತಿತು.

ಅಜ್ಜಿಯ ಸರದಿ ಮುಗಿಯಿತು. ಅಧಿಕಾರಿ ಎಲ್ಲರಿಗೂ ಕೇಳುವಂತೆ ಓದಿದರು: “ನಾನೂರ ಹನ್ನೆರಡು. ಅನುರಾಧಾ, ತಂದೆ ಭೀಮಶಾ.”

“ತಂದೆ? ಗಂಡನ ಹೆಸರಿಲ್ಲೇನ್ರಿ?” ಹಿಂದಿನಿಂದ ದೇವಾನಂದನ ದನಿ.

“ನಿಮ್ಮದೇನು ತಕರಾರು?” ಎಂದರು ಅಧಿಕಾರಿ.

“ತಕರಾರೇನಿಲ್ಲರಿ...” ಅವನು ಅವಳತ್ತ ಬಾಗಿದ. “ನಿಂದು ಸೊಲ್ಲಾಪುರಕ್ಕ ಲಗ್ನ ಆಗಿಲ್ಲೇನು?”

“ಯಾವ ಸೊಲ್ಲಾಪುರ?”

ಇಬ್ಬರ ಕಣ್ಣೂ ಒಟ್ಟಿಗೇ ಬೆಂಚಿನತ್ತ ಹೊರಳಿದವು. ಜಗದೇವ ಗೀಟು ಎಳೆದ ಹೆಸರಿಗೇ ಮತ್ತೆ ಗೀಟು ಎಳೆಯುತ್ತಿದ್ದ. ಆಗ ಮನೆಯಲ್ಲಿದ್ದದ್ದು ಒಂದೇ ಫೋನು. ಅದು ಅಣ್ಣನ ಕಿಸೆಯಲ್ಲಿ...

“ಈ ಕಡೆ ನೋಡ್ರಿ, ಬೆರಳು ಚಾಚ್ರಿ,” ಎಂದರು ಶಾಯಿ ಹಚ್ಚುವವರು.

ಓಟು ಹಾಕಿ ಇಬ್ಬರೂ ಬೇವಿನ ಗಿಡದ ಕೆಳಗೆ ನಿಂತರು. ತನ್ನ ಜಾಗಕ್ಕೆ ಬೇರೊಬ್ಬನನ್ನು ಕೂರಿಸಿ ಜಗದೇವ ತಾನೇ ಹೊರಗೆ ಬಂದ. ತಂಗಿಯ ಮುಖ ನೋಡಲಾಗಲಿಲ್ಲ ಅವನಿಗೆ.

“ಇಂವ ತಗಡಿನ ಶೆಡ್ಡಿನಾಗ ಇರ್ತಾನಂತ ಕೇಳಿದ್ದೆ. ನಿನ್ನ ಅಲ್ಲಿ ಕಳಸಾಕ ಮನಸ್ಸಾಗ್ಲಿಲ್ಲ. ಇಂವ ಫೋನ್ ಮಾಡಿದಾಗ ನಿಂದು ಲಗ್ನ ಆಗ್ಯಾದಂತ ಸುಳ್ಳು ಹೇಳಿದೆ. ತಪ್ಪಾತು, ತಂಗಿ.”

“ನನ್ನ ಒಂದು ಮಾತು ಕೇಳಬೇಕಿತ್ತು, ಅಣ್ಣಾ. ಬಂದ ಸಂಬಂಧ ಎಲ್ಲಾ ನಾ ಯಾಕ ಒಲ್ಲೆ ಅಂದೆ ಅಂತನಾದ್ರೂ ಕೇಳಬೇಕಿತ್ತು.”

ಜಗದೇವ ದೇವಾನಂದನ ಹೆಗಲ ಮೇಲೆ ಕೈಯಿಟ್ಟ. “ಶೆಡ್ಡಿನಾಗೇ ಅದೀಯೇನಲೇ?”

“ಇಲ್ಲ. ಈಗ ಪಕ್ಕಾ ಖೋಲಿ ಅದ.”

“ಹಂಗಾದ್ರ ಹಿರಿಯರನ್ನ ಕರಕೊಂಡು ಬಾ,” ಎಂದು ಜಗದೇವ ಸರಸರನೆ ಮತಗಟ್ಟೆಯೊಳಗೆ ಹೋದ.

ಅನುರಾಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನೊಬ್ಬರು ಹೇಳಿದ್ರ ನಂಬಿಬಿಡೋದಾ?”

“ನಂಬಿದ್ದೆ. ಮರೀಲಿಕ್ಕೆ ಮಾತ್ರ ಆಗಲಿಲ್ಲ. ನಾಳೆ ಅಕ್ಕನ ಊರಿಂದ ಅವ್ವನ್ನ ಕರಕೊಂಡು ನಿಮ್ಮನಿಗಿ ಬರ್ತೇನಿ.”

“ಜೀಪ್ ಇವತ್ತೇ ಹೋಗ್ತದಲ್ಲ?”

“ಹೋಗ್ಲಿ ಬಿಡು. ನಾ ಇಲ್ಲಂದ್ರ ಉಳಿದವ್ರು ಕಾಲು ಚಾಚಿ ಕೂಡ್ತಾರ.”

ಅವಳು ನಕ್ಕಳು. “ತಿರುಗಿ ಹೋಗೋವಾಗ ಇಬ್ಬರಿಗೆ ಜಾಗ ಹಿಡೀಬೇಕಾಗ್ತದ, ನೆನಪಿಟ್ಕೋ.”