ಸಂಗಮ ಲೇಔಟಿಗೆ ಬಂದ ಬಸ್ ಸ್ಟಾಪು

ನ್ಯಾಮತಿ ಠಾಣೆಗೆ ಬೈಕ್ ಕಳೆದ ದೂರು ಬರುತ್ತದೆ, ಪಂಪ್‌ಸೆಟ್ಟಿನ ಕೇಬಲ್ ಕದ್ದ ದೂರು ಬರುತ್ತದೆ, ದಾಯಾದಿಗಳು ಬದು ಒತ್ತಿದ ದೂರಂತೂ ತಪ್ಪಿದ್ದೇ ಇಲ್ಲ. ಆದರೆ ಆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಟೆಲ್ ಹಾಲೇಶಪ್ಪ ತಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ತಿಪ್ಪೇಶಪ್ಪ ಪೆನ್ನು ಕೆಳಗಿಟ್ಟರು.

“ಬಸ್ ಸ್ಟಾಪು ಕಳುವಾಗೈತ್ರೀ.”

“ಸ್ಟಾಪು ಹೆಂಗ್ರೀ ಕಳುವಾಗತ್ತೆ? ಜೇಬಲ್ಲಿ ಇಟ್ಕಂಡು ಹೋದ್ರಾ?”

ಒಳಗಿನ ಕೋಣೆಯಲ್ಲಿದ್ದ ಪಿಎಸ್‌ಐ ದುರ್ಗಾಂಬಿಕಾ ಹೊರಗೆ ಬಂದಳು. ಜಗಳೂರು ಕಡೆಯವಳು. ವರ್ಗವಾಗಿ ಬಂದು ವರ್ಷವಾಗಿರಲಿಲ್ಲ, ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಳು. ಊರಿನವರು ಅವಳಿಗೆ ನಮಸ್ಕಾರ ಮಾಡುತ್ತಿದ್ದರೇ ಹೊರತು ಊಟ ಆಯಿತೇ ಎಂದು ಯಾರೂ ಕೇಳಿರಲಿಲ್ಲ. ಅವಳು ಹಾಲೇಶಪ್ಪನನ್ನು ಕೂರಿಸಿ ವಿಷಯ ಬಿಡಿಸಿ ಕೇಳಿದಳು.

ಹೊನ್ನಾಳಿ ರಸ್ತೆ ಅಗಲ ಮಾಡುವಾಗ ಸರ್ಕಲ್ಲಿನ ತಂಗುದಾಣ ಕೆಡವಿದ್ದರು. ಕೆಲಸ ಮುಗಿಯುವ ತನಕ ಇರಲಿ ಎಂದು ಕಾರಿನ ಹಳೇ ಟೈರಿಗೆ ಕಾಂಕ್ರೀಟು ತುಂಬಿ, ನಡುವೆ ಕಂಬ ನಿಲ್ಲಿಸಿ, “ಬಸ್ ನಿಲ್ದಾಣ” ಎಂದು ಫಲಕ ಹಾಕಿದ್ದರು. ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ನೋಡಿದರೆ ಅದು ಅರ್ಧ ಕಿಲೋಮೀಟರ್ ಆಚೆ, ಸಂಗಮ ಲೇಔಟಿನ ಬಾಗಿಲಲ್ಲಿ ನಿಂತಿತ್ತು. ಲೋಕೋಪಯೋಗಿ ಇಲಾಖೆಯವರೇ ಸರಿಸಿರಬೇಕು ಎಂದು ಎಲ್ಲರೂ ಸುಮ್ಮನಿದ್ದರು. ಡ್ರೈವರುಗಳು ಫಲಕ ಇದ್ದಲ್ಲಿ ಬಸ್ ನಿಲ್ಲಿಸಿದರು, ಜನ ಬಸ್ ನಿಂತಲ್ಲಿಗೆ ನಡೆದರು. ಹಾಲೇಶಪ್ಪನ ಇಡ್ಲಿ ಮಾತ್ರ ತಟ್ಟೆಯಲ್ಲೇ ಆರಿದವು. ಕೊನೆಗೆ ಅವನು ಎಂಜಿನಿಯರ್ ಸಾಹೇಬರನ್ನು ಕೇಳಿದರೆ, ನಾವು ಮುಟ್ಟೇ ಇಲ್ಲ ಎಂದರಂತೆ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರಕ್ಕೆ ದುರ್ಗಾಂಬಿಕಾ ತಿಪ್ಪೇಶಪ್ಪನವರ ಜೊತೆ ಸ್ಥಳಕ್ಕೆ ಹೋದಳು. ಫಲಕ ಅಲ್ಲೇ ಇತ್ತು. ಅದರ ಪಕ್ಕ ಒಂದು ನೀರಿನ ಮಡಕೆ, ಲೋಟ, ಕೂರಲು ಎರಡು ಕಲ್ಲು ಚಪ್ಪಡಿ. ಆಗ ತಾನೇ ಬಂದು ನಿಂತ ಬಸ್ಸಿನ ಕಂಡಕ್ಟರನ್ನು ತಡೆದು ಕೇಳಿದಳು.

“ಇಲ್ಲಿ ಯಾರು ಹತ್ತತಾರೆ?”

“ಊರಿನವರೇ ನಡ್ಕಂಡು ಬಂದು ಹತ್ತತಾರೆ ಮೇಡಂ. ಒಬ್ಬ ಹೆಂಗಸು ಮಾತ್ರ ದಿನಾ ನಿಂತಿರ್ತಾರೆ, ಹತ್ತಂಗಿಲ್ಲ. ಯಾರನ್ನೋ ಕಳ್ಸಾಕೆ ಬರ್ತಾರೇನೋ ಅನ್ಕಂಡಿದ್ದೆ.”

ಪಂಚನಾಮೆಗೆ ಸಾಕ್ಷಿಯಾಗಿ ಇಬ್ಬರು ಸ್ಥಳೀಯರು ಬೇಕು. ತಿಪ್ಪೇಶಪ್ಪ ಲೇಔಟಿನೊಳಗೆ ಹುಡುಕಿಕೊಂಡು ಹೋದರು. ಗೆರೆ ಹೊಡೆದ ಹಾಗೆ ನೇರ ರಸ್ತೆಗಳು, ಒಂದನೇ ಕ್ರಾಸು, ಎರಡನೇ ಕ್ರಾಸು ಎಂಬ ಹಸಿರು ಬೋರ್ಡುಗಳು, ಹಗಲೂ ಉರಿಯುವ ಬೀದಿದೀಪಗಳು, ನಂಬರು ಬರೆದ ಸೈಟಿನ ಕಲ್ಲುಗಳು. ಜನ ಮಾತ್ರ ಇಲ್ಲ. ರಸ್ತೆಗೆ ಹತ್ತಿರ ಒಂದೇ ಒಂದು ಮನೆ. ಅಲ್ಲಿಂದ ನಲವತ್ತೈದರ ಆಸುಪಾಸಿನ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು.

“ಸ್ಥಳೀಯರು ಬೇಕಾ? ನಾನೇ ಐದೀನಲ್ರೀ! ವಾಣಿಶ್ರೀ ಅಂತ. ಸೈನ್ ಎಲ್ಲಿ ಹಾಕ್ಬೇಕು ಹೇಳ್ರಿ. ಅದಕ್ಕಿಂತ ಮೊದ್ಲು ಚಾ ಕುಡೀರಿ.”

ಕೆರೆಬಿಳಚಿಯವಳು. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದು ಈ ಮನೆ ಕಟ್ಟಿಸಿದ್ದಳು. ಮದುವೆಯಾಗಿರಲಿಲ್ಲ. ಪಾಲಿನ ಜಗಳವಾದ ಮೇಲೆ ಅಣ್ಣಂದಿರ ಜೊತೆ ಮಾತಿಲ್ಲ. ಈಗ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಇದನ್ನೆಲ್ಲ ಯಾರೂ ಕೇಳದೆ ತಾನೇ ಹೇಳಿದಳು. ಚಹಾ ಮುಗಿದರೂ ಇನ್ನೊಂದು ಲೋಟ ಬಗ್ಗಿಸಿದಳು. ಎದ್ದರೆ, “ಕೂಡ್ರಿ, ಬಿಸಿಲಿಳೀಲಿ” ಎಂದಳು. ದುರ್ಗಾಂಬಿಕಾಳಿಗೂ ಏಳಲು ಮನಸ್ಸಾಗಲಿಲ್ಲ. ಆದರೆ ಎರಡನೇ ಪಂಚ ಸಿಗಲೇ ಇಲ್ಲ. ಇಲಾಖೆಯ ಎಂಜಿನಿಯರೂ ಬಂದು ಫಲಕ ಗುರುತಿಸಬೇಕಿತ್ತು, ಅವರು ಬುಧವಾರ ಬರುತ್ತೇನೆಂದರು. ಪಂಚನಾಮೆ ಅಲ್ಲಿಗೆ ಮುಂದಕ್ಕೆ ಹೋಯಿತು.

“ಇದನ್ನ ಸಾಗಿಸಾಕೆ ಗೂಡ್ಸ್ ಆಟೋ, ಎರಡಾಳು ಬೇಕು. ಗುರುಬಸವರಾಜನ ಕೆಲಸನೇ ಮೇಡಂ,” ಎಂದರು ತಿಪ್ಪೇಶಪ್ಪ. ಲೇಔಟು ಮಾಡಿದವನು ಅವನೇ.

ಅವನ ಆಫೀಸಿನ ಗೋಡೆಯ ತುಂಬ ಸಂಗಮ ಲೇಔಟಿನ ಬಣ್ಣದ ನಕ್ಷೆ ಇತ್ತು. ನಡುವೆ ಬಸ್ ನಿಲ್ದಾಣ, ಸುತ್ತ ಅಂಗಡಿಸಾಲು, ಆಮೇಲೆ ಪಾರ್ಕು, ಆಮೇಲೆ ಮನೆಗಳು. ಯಾರ ಮನೆಯಿಂದಲೂ ಬಸ್ಸಿಗೆ ಐದೇ ನಿಮಿಷದ ನಡಿಗೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಚಿತ್ರದಲ್ಲಿ ಛತ್ರಿ ಹಿಡಿದ ಹೆಂಗಸರು, ಸೈಕಲ್ ಹೊಡೆಯುವ ಮಕ್ಕಳು.

“ಬೋರ್ಡು ಎತ್ತಿಸಿದ್ದು ನೀವಾ?”

“ನಾನ್ಯಾಕೆ ಎತ್ತಿಸ್ಲಿ ಮೇಡಂ? ಸೈಟೆಲ್ಲಾ ಮಾರಿ ಎಷ್ಟೋ ದಿನ ಆತು. ಬಸ್ ನಿಂತ್ರೂ ನನಗೆ ದುಡ್ಡು ಬರೋದಿಲ್ಲ, ನಿಲ್ದಿದ್ರೂ ಹೋಗೋದಿಲ್ಲ.”

“ಮಾರಿದ್ರೆ ಮನೆಗಳು ಎಲ್ಲಿ?”

“ಮನೆ ಕಟ್ಟಾಕೆ ಯಾರು ತಗಂತಾರೆ? ರೇಟು ಏರ್ಲಿ ಅಂತ ತಗಂತಾರೆ. ಒಬ್ರು ಮಾತ್ರ ನಕ್ಷೆ ನಂಬಿ ಕಟ್ಟಿಸಿದ್ರು, ಪಾಪ.” ಅವನು ನಕ್ಕ.

ದುರ್ಗಾಂಬಿಕಾಳಿಗೆ ಆ ನಗು ಹಿಡಿಸಲಿಲ್ಲ. ಹಳೇ ಊರಿನ ಬೀದಿಗಳು ಅಂಕುಡೊಂಕು ನಿಜ, ಆದರೆ ಬಸ್ಸಿನಿಂದ ಇಳಿದವರು ತುಳಿದ ದಾರಿಗಳವು. ಮೊದಲು ಬಸ್ ನಿಂತಿತ್ತು, ಆಮೇಲೆ ಚಹಾ ಬಂತು, ಹೂ ಬಂತು, ಸಲೂನು ಬಂತು, ಮನೆ ಬಂತು. ಇವನು ಬೀದಿ ಮೊದಲು ಎಳೆದು, ಬಸ್ಸನ್ನು ಬಣ್ಣದಲ್ಲಿ ಬರೆದು ಮಾರಿದ್ದ. ಅದಕ್ಕೆ ಯಾವ ಕಲಮೂ ಹಾಕುವಂತಿರಲಿಲ್ಲ.

ಮಂಗಳವಾರ ಸಂಜೆ ಕೇಸಿನ ತಮಾಷೆ ಮುಗಿಯಿತು. ಸರ್ಕಲ್ಲಿನಲ್ಲಿ ಹೂ ಮಾರುವ ದ್ಯಾಮಮ್ಮ ಗಿರಾಕಿಗಳ ಹಿಂದೆ ಬುಟ್ಟಿ ಹೊತ್ತು ದಿನಾ ಲೇಔಟಿನ ತನಕ ನಡೆಯುತ್ತಿದ್ದಳು. ಅಂದು ಬಸ್ ಬಂತೆಂದು ಓಡಿ, ಮೋರಿಗೆ ಅಗೆದ ಗುಂಡಿಗೆ ಬಿದ್ದಳು. ಬಲಗೈ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ದುರ್ಗಾಂಬಿಕಾ ಅವಳ ಹೇಳಿಕೆ ಪಡೆದಳು.

“ಗುಂಡಿಯಿಂದ ಯಾರು ಎತ್ತಿದ್ರು?”

“ಆ ಒಂಟಿಮನೆ ತಂಗಿ. ಆಟೋ ಕರ್ಸಿ ಇಲ್ಲೀತಂಕ ಬಂದ್ಲು. ಗಂಜಿ ಮಾಡ್ಕೊಂಡು ಬಂದ್ಲು. ನನಗಿಂತ ಆಕೀನೇ ಜಾಸ್ತಿ ಅತ್ಲು ನೋಡವ್ವ.”

ಬುಧವಾರ ಬೆಳಿಗ್ಗೆ ಎಂಜಿನಿಯರನ್ನು ಕರೆದುಕೊಂಡು ಹೊರಟರೆ, ಫಲಕ ಸರ್ಕಲ್ಲಿನಲ್ಲಿ ತನ್ನ ಹಳೇ ಜಾಗದಲ್ಲೇ ನಿಂತಿತ್ತು. ಹಾಲೇಶಪ್ಪ ಅದಕ್ಕೆ ಊದುಬತ್ತಿ ಹಚ್ಚಿದ್ದ.

“ಆಟೋದವ್ರೇ ವಾಪಸ್ ತಂದಿಟ್ಟಾರೆ,” ಎಂದರು ತಿಪ್ಪೇಶಪ್ಪ.

ದುರ್ಗಾಂಬಿಕಾ ರಸ್ತೆ ಬದಿಗೆ ಬಗ್ಗಿದಳು. ಹೊಸದಾಗಿ ಹರಡಿದ ಕೆಮ್ಮಣ್ಣಿನ ಮೇಲೆ ಟೈರಿನ ಅಂಚಿನ ಗೆರೆ, ಅತ್ತಿತ್ತ ತೂರಾಡುತ್ತ ಸಾಗಿತ್ತು. ಪಕ್ಕದಲ್ಲೇ ಒಬ್ಬರ ಚಪ್ಪಲಿ ಗುರುತು. ಅವಳಿಗೆ ತಟ್ಟನೆ ಹೊಳೆಯಿತು. ಒಂಟಿಯಾಗಿರುವ ಹೆಂಗಸು ತುಂಬಿದ ಗ್ಯಾಸ್ ಸಿಲಿಂಡರನ್ನು ಯಾರನ್ನು ಕರೆದು ಎತ್ತಿಸುತ್ತಾಳೆ? ವಾಲಿಸಿ, ಅಂಚಿನ ಮೇಲೆ ಉರುಳಿಸಿಕೊಂಡು ಒಳಗೆ ತರುತ್ತಾಳೆ. ಹೋದ ವಾರ ತಾನೂ ಹಾಗೇ ತಂದಿದ್ದಳು.

“ತಿಪ್ಪೇಶಪ್ಪೋರೆ, ಎರಡಾಳು ಬೇಕಿಲ್ಲ. ಒಬ್ಬರೇ ಸಾಕು. ಬೇರೆ ಯಾರೂ ಇಲ್ಲದೋರು.”

ಗೆರೆ ಲೇಔಟಿನ ಬಾಗಿಲ ತನಕ ಹೋಗಿ ನಿಂತಿತು, ಚಪ್ಪಲಿ ಗುರುತು ಒಂಟಿಮನೆಯ ತನಕ. ವಾಣಿಶ್ರೀ ಬಾಗಿಲಲ್ಲೇ ಕೂತಿದ್ದಳು. ಈ ಸಲ ಚಹಾ ಎನ್ನಲಿಲ್ಲ.

“ಕೈ ತೋರ್ಸಿ.”

ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು.

“ಯಾಕೆ ಮಾಡಿದ್ರಿ?”

“ಬಸ್ಸು ದಿನಾ ಮನೆ ಮುಂದೇನೇ ಹೋಗ್ತಿತ್ತು ಮೇಡಂ. ಒಳಗಿದ್ದೋರು ನನ್ನ ನೋಡೋರು, ನಾನು ಅವರನ್ನ ನೋಡ್ತಿದ್ದೆ. ಇಲ್ಲಿ ಇಳಿಯಾಕೆ ಯಾರಿಗೂ ಕಾರಣಾನೇ ಇರ್ಲಿಲ್ಲ. ಒಂದಿನ ಹಾಲಿನವನಿಗೆ ಏನೋ ಹೇಳಾಕೆ ಹೋದ್ರೆ ಗಂಟಲಿಂದ ದನೀನೇ ಬರ್ಲಿಲ್ಲ. ಮಾತಾಡಿ ಎಷ್ಟು ದಿನ ಆಗಿತ್ತೋ.” ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಬೋರ್ಡು ಬಂದ್ಮೇಲೆ ಜನ ನೀರು ಕೇಳೋರು, ಟೈಮು ಕೇಳೋರು. ದ್ಯಾಮಕ್ಕ ದಿನಾ ಒಂದು ಮೊಳ ಹೂ ಕೊಟ್ಟು, ಮುಡ್ಕಾ ತಂಗಿ ಅನ್ನೋಳು. ಆಕೆ ಕೈ ನನ್ನಿಂದ ಮುರೀತು. ಅದಕ್ಕೆ ವಾಪಸ್ ಇಟ್ಟೆ. ಕರ್ಕೊಂಡು ಹೋಗ್ರಿ.”

ಹನ್ನೊಂದು ಗಂಟೆಗೆ ಬಂಧನವಾಯಿತು. ಸಂಜೆಯೊಳಗೆ ಜಾಮೀನಾಗುವ ಕೇಸು, ಆದರೂ ಬಂಧನವೇ. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂಬ ಕಡೆ ತಿಪ್ಪೇಶಪ್ಪನವರ ಪೆನ್ನು ನಿಂತಿತು.

“ಅಣ್ಣನ ಹೆಸರು ಬರೀಲಾ?”

“ಬ್ಯಾಡ್ರಿ.”

“ನೆಂಟರು? ಗೆಳತಿ? ಪಕ್ಕದ ಮನೆಯೋರು?”

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ತಿಪ್ಪೇಶಪ್ಪ ತಲೆ ತಗ್ಗಿಸಿದರು. ವಾಣಿಶ್ರೀ ಮೆಲ್ಲಗೆ ಅಂದಳು: “ದ್ಯಾಮಕ್ಕಗೆ ಹೇಳ್ರಿ. ಬೈದ್ರೂ ಬೈಲಿ.”

ದುರ್ಗಾಂಬಿಕಾ ಕಾನ್‌ಸ್ಟೇಬಲನ್ನು ಕಳಿಸದೆ, ವಿಷಯ ತಿಳಿಸಿದ್ದಕ್ಕೆ ರುಜು ಹಾಕಿಸುವ ಕಾಗದ ಹಿಡಿದು ತಾನೇ ಆಸ್ಪತ್ರೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ದ್ಯಾಮಮ್ಮ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಗೋಡೆ ಕಡೆ ತಿರುಗಿದಳು.

“ಅವಳಿಂದ ನನ್ನ ದುಡಿಯೋ ಕೈ ಹೋತಲ್ಲವ್ವ. ನನ್ನ ಹೆಸ್ರು ಯಾವ ಬಾಯಲ್ಲಿ ಹೇಳಿದ್ಲು?”

ದುರ್ಗಾಂಬಿಕಾ ಕಾಗದ ಮಡಿಚತೊಡಗಿದಳು.

“ಬ್ಯಾರೆ ಯಾರೂ ಇಲ್ವಂತಾ?”

“ಇಲ್ಲ.”

“ಒಬ್ರೂ?”

“ಒಬ್ರೂ ಇಲ್ಲ ದ್ಯಾಮಮ್ಮ.”

ಮುದುಕಿ ನಿಧಾನಕ್ಕೆ ಈ ಕಡೆ ಹೊರಳಿದಳು.

“ತಾ ಇಲ್ಲಿ. ಎಡಗೈ ಹೆಬ್ಬೆಟ್ಟು ನಡೀತದೇನು?”