ಹಲ್ಲಿನಿಂದ ಸುಲಿದ ವೈರು

ಕಂಟ್ರೋಲ್ ಪ್ಯಾನಲ್‌ಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ, ಇಲ್ಲದ್ದನ್ನು ಕಟ್ಟಿ ಹೇಳುವುದಲ್ಲ. ಅವತ್ತು ದಪ್ಪ ವೈರು ಮುಗಿದಿತ್ತು, ಸಂಜೆಯೊಳಗೆ ಪ್ಯಾನಲ್ ಕಳಿಸಬೇಕಿತ್ತು. ಮೋಟಾರಿನ ಲೈನಿಗೂ ತೆಳು ವೈರನ್ನೇ ಎಳೆದು ಊಟಕ್ಕೆ ಹೋದೆ.

ಕೆಲಸ ಕಲಿಸಿದ ಸೋದರಮಾವ ಇದ್ದಿದ್ದರೆ, "ಇದು ಲೋಡ್ ತಡೆಯಲ್ಲ ಕಣೋ, ಬಿಚ್ಚು" ಎಂದು ತಾವೇ ಬದಲಿಸಲು ಕೂರುತ್ತಿದ್ದರು. ಎಷ್ಟು ಹೇಳಿದರೂ ವೈರಿನ ತುದಿಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದರು. ಹಾಗೆ ಸುಲಿಯುತ್ತಲೇ ಮುಂಭಾಗದ ಹಲ್ಲೊಂದನ್ನು ಕಳೆದುಕೊಂಡಿದ್ದರು. ಮೂರು ವರ್ಷದ ಹಿಂದೆ, ತೆಳು ವೈರು ಹಾಕಿದ್ದ ಪ್ಯಾನಲ್ಲಿಗೆ ಬೆಂಕಿ ಹತ್ತಿ, ಹೊಗೆಯಲ್ಲಿ ಉಸಿರು ಕಟ್ಟಿ ತೀರಿಹೋದರು. ಆ ವೈರು ಹಾಕಿದ್ದೂ ನಾನೇ. ಯಾರಿಗೂ ಹೇಳಿಲ್ಲ.

ವಾಪಸ್ ಬಂದಾಗ ಶೆಡ್ಡಿನ ಬಾಗಿಲಲ್ಲಿ ಪೇಂಟರ್ ಕೂತಿದ್ದ. "ಒಳಗೆ ಯಾರಪ್ಪ ಅದು? ಆಗಿಂದ ಒಂದೇ ಸಮ ಕೆಮ್ತಿದ್ದಾರೆ" ಅಂದ.

ಒಳಗೆ ಯಾರೂ ಇರಲಿಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆ ಇತ್ತು. ಪ್ಯಾನಲ್ಲಿಗೆ ಇನ್ನೂ ಕರೆಂಟೇ ಕೊಟ್ಟಿರಲಿಲ್ಲ. ನನ್ನ ತೆಳು ವೈರನ್ನು ಯಾರೋ ಅಂದವಾಗಿ ಸುತ್ತಿ ಕೆಳಗಿಟ್ಟಿದ್ದರು. ಅದರ ಜಾಗದಲ್ಲಿ ದಪ್ಪ ವೈರು. ಒಂದು ತುದಿಯನ್ನು ಮಾತ್ರ ಇನ್ನೂ ಬಿಗಿದಿರಲಿಲ್ಲ. ಅದರ ಮೇಲೆ ಸಾಲಾಗಿ ಹಲ್ಲಿನ ಗುರುತುಗಳು, ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ. ಮುಟ್ಟಿದೆ. ಎಂಜಲು ಇನ್ನೂ ಬೆಚ್ಚಗಿತ್ತು.